ಹೋಗಬಾರದಿದ್ದ ಪೋಸ್ಟ್

ಶೆಡ್ಯೂಲ್ ಮಾಡಿಟ್ಟ ಪೋಸ್ಟ್ ಯಾಕೆ ಹೋಗಲಿಲ್ಲ ಅಂತ ಹುಡುಕುವುದು ಅಂಥ ಘನವಿದ್ಯೆಯೇನಲ್ಲ. ಕಾರಣಗಳು ಹೆಚ್ಚೆಂದರೆ ಏಳೆಂಟು. ದಿನಾ ಕಾಡುವುದು ಮೂರೋ ನಾಲ್ಕೋ. ಹೊಳೆಹೊನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯನೊಬ್ಬನ ದೆಸೆಯಿಂದ ಇವೆಲ್ಲ ನನಗೆ ಬಾಯಿಪಾಠ ಆಗಿವೆ. ಅವನು ಅಂಗಡಿಗೆ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಮ್, ಎಕ್ಸ್ ಮೂರನ್ನೂ ಮಾಡಿಕೊಂಡಿದ್ದಾನೆ. ಲಿಂಕ್ಡ್‌ಇನ್ ಕೂಡ ಇದೆ. ಯೂರಿಯಾ ಮಾರುವವನಿಗೆ ಲಿಂಕ್ಡ್‌ಇನ್ ಯಾಕೆ ಅಂತ ಕೇಳಬೇಡಿ, ನಾನು ಕೇಳಿ ಸುಮ್ಮನಾಗಿದ್ದೇನೆ. ನಾಲ್ಕನ್ನೂ ಒಂದೇ ಟೂಲಿಗೆ ಕಟ್ಟಿ, ಭಾನುವಾರ ಸಂಜೆ ಕೂತು ವಾರಕ್ಕಾಗುವಷ್ಟು ಬರೆದು, ದಿನ ಗಂಟೆ ಗೊತ್ತುಮಾಡಿ ಬಿಟ್ಟರೆ ಅವನ ಕೆಲಸ ಮುಗಿಯಿತು. ಯಾವುದಾದರೂ ಒಂದು ಹೋಗದೇ ಇದ್ದರೆ ಬೆಂಗಳೂರಿನಲ್ಲಿರುವ ನನಗೆ ಫೋನ್. ಊರಲ್ಲಿ ಬಿಇ ಓದಿದವನು ಅಂದರೆ ಪಂಪ್‌ಸೆಟ್ಟಿನಿಂದ ಫೇಸ್‌ಬುಕ್‌ವರೆಗೆ ಎಲ್ಲಕ್ಕೂ ಅವನೇ ವೈದ್ಯ.

ಮೊದಲು ನೋಡಬೇಕಾದ್ದು ಟೋಕನ್. ನಾವು ಆ ಟೂಲಿಗೆ ಪಾಸ್‌ವರ್ಡ್ ಕೊಟ್ಟಿರುವುದಿಲ್ಲ. ‘ನನ್ನ ಹೆಸರಲ್ಲಿ ಇದು ಮಾತಾಡಬಹುದು’ ಅಂತ ಒಂದು ಅನುಮತಿ ಚೀಟಿ ಬರೆದುಕೊಟ್ಟಿರುತ್ತೇವೆ. ಲಿಂಕ್ಡ್‌ಇನ್‌ನ ಚೀಟಿ 60 ದಿನಕ್ಕೆ ಸಾಯುತ್ತದೆ. ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹಳೇ ಚೀಟಿ ರದ್ದು. ಎರಡನೆಯದು ಗಡಿಯಾರ. ಸರ್ವರುಗಳು ಲೆಕ್ಕ ಇಡುವುದು ಯುಟಿಸಿಯಲ್ಲಿ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಟೂಲಿನಲ್ಲಿ ಟೈಮ್‌ಜೋನ್ ಸರಿಯಾಗಿ ಆರಿಸದಿದ್ದರೆ ಬೆಳಿಗ್ಗೆ ಆರೂವರೆಗೆ ಅಂತ ಇಟ್ಟದ್ದು ಮಧ್ಯಾಹ್ನ ಹನ್ನೆರಡಕ್ಕೆ ಹೋಗುತ್ತದೆ. ಮೂರನೆಯದು ಅಳತೆ. ಎಕ್ಸ್‌ನ ಉಚಿತ ಖಾತೆಯಲ್ಲಿ ಮಿತಿ 280, ಮತ್ತು ಅದು ಎಣಿಸುವುದು ನಮ್ಮ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತವನ್ನು. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ; ಅಲ್ಲಿ ಆರು. ಇನ್‌ಸ್ಟಾಗ್ರಾಮಿನ 2200ರ ಮಿತಿಯೊಳಗೆ ಆರಾಮಾಗಿ ಕೂತ ಕನ್ನಡ, ಎಕ್ಸ್‌ನ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ನೋಡಿದರೆ ಹೆಚ್ಚಿನ ಕೇಸುಗಳು ಮುಗಿದವು.

ಒಂದು ಸಲ ಮಾತ್ರ ಅವನ ಫೋನ್ ಬೇರೆ ಥರ ಇತ್ತು. ‘ಮಾರಾಯ, ಪೋಸ್ಟ್ ಹೋಗಿಬಿಟ್ಟಿದೆ’ ಅಂದ.

ಆಗಿದ್ದು ಇಷ್ಟು. ಬೇಸಿಗೆ ಭತ್ತಕ್ಕೆ ಭದ್ರಾ ನಾಲೆಗೆ ನೀರು ಬಿಡುವ ತಾರೀಖು ಗೊತ್ತಾಗಿತ್ತು. ಅವನು ಭಾನುವಾರ ಕೂತು, ‘ಇವತ್ತಿಂದ ನಾಲೆಗೆ ನೀರು. ಸಸಿಮಡಿ ರೆಡಿ ಮಾಡ್ಕೊಳ್ಳಿ. ಬೀಜ ಬಂದಿದೆ’ ಅಂತ ಬರೆದು ಗುರುವಾರ ಬೆಳಿಗ್ಗೆ ಆರೂವರೆಗೆ ಇಟ್ಟಿದ್ದ. ಮಂಗಳವಾರ ತಾರೀಖು ಮುಂದೆ ಹೋಯಿತು. ಇದೇನೂ ಅಪರೂಪವಲ್ಲ, ನೀರಾವರಿ ಸಲಹಾ ಸಮಿತಿ ಜಲಾಶಯದ ಮಟ್ಟ, ಬೆಳೆ, ಮೇಲ್ಭಾಗದವರು, ಕೊನೆಭಾಗದವರು ಎಲ್ಲ ನೋಡಿ ತೀರ್ಮಾನಿಸಬೇಕು. 2023ರ ಬರದ ವರ್ಷ ಬಲದಂಡೆ ನಾಲೆಗೆ ಬಿಟ್ಟ ನೀರನ್ನೇ ನಡುವೆ ನಿಲ್ಲಿಸಿ ದಾವಣಗೆರೆ ಕಡೆ ರೈತರು ಬೀದಿಗಿಳಿದಿದ್ದು ನೆನಪಿರಬಹುದು. ಅಂತೂ ಗುರುವಾರ ಬೆಳಿಗ್ಗೆ ನನ್ನ ಗೆಳೆಯ ಯಾವುದೋ ಮದುವೆಗೆ ಅಂತ ಚನ್ನಗಿರಿ ದಾರಿಯಲ್ಲಿದ್ದ. ಅವನ ಅಂಗಡಿ ಮಾತ್ರ ನಾಲ್ಕು ಕಡೆ ‘ಇವತ್ತಿಂದ ನೀರು’ ಅಂತ ಸಾರುತ್ತಿತ್ತು. ನಾಲ್ಕೂ ಕಡೆ ಒಂದೇ ನಿಮಿಷಕ್ಕೆ. ಟೋಕನ್ ಸರಿ, ಟೈಮ್‌ಜೋನ್ ಸರಿ, 280ರ ಒಳಗೆ. ಲಾಗ್ ತೆಗೆದು ನೋಡಿದರೆ ಎಲ್ಲ ಹಸಿರು ಟಿಕ್.

ಅದನ್ನು ನೋಡಿ ಒಬ್ಬ ರೈತರು ಎರಡು ಚೀಲ ಬಿತ್ತನೆ ಭತ್ತ ನೆನೆಹಾಕಿಬಿಟ್ಟರು. ಭತ್ತ ಗೊತ್ತಿಲ್ಲದವರಿಗೆ ಹೇಳುತ್ತೇನೆ: ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೊಳಕೆ ಒಡೆದ ಮೇಲೆ ಅದನ್ನು ಮಡಿಗೆ ಚೆಲ್ಲಲೇಬೇಕು. ಒಣಗಿಸಿ ಮತ್ತೆ ಚೀಲಕ್ಕೆ ತುಂಬುವ ಹಾಗಿಲ್ಲ. ಮೂರನೇ ದಿನ ಅವರು ಅಂಗಡಿಗೆ ಬಂದು ಫೋನ್ ಮುಂದೆ ಹಿಡಿದರು. ಗೆಳೆಯ, ‘ಅದು ನಾನು ಭಾನುವಾರ ಬರೆದಿದ್ದು ಗೌಡ್ರೇ’ ಅಂದ. ಅವರು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿ, ‘ಭಾನುವಾರ ಅಂತ ಇದರಲ್ಲಿ ಎಲ್ಲಿದೆ?’ ಅಂತ ಕೇಳಿದರು.

ಎಲ್ಲೂ ಇರಲಿಲ್ಲ. ಗುರುವಾರ, 6:30 ಅಂತಲೇ ಇತ್ತು.

ಗೆಳೆಯ ಹೊಸದಾಗಿ ಎರಡು ಚೀಲ ಬೀಜ ಕೊಟ್ಟು ಕಳಿಸಿದ. ನನಗೆ ಫೋನ್ ಮಾಡಿದ್ದು ದುಡ್ಡು ಹೋಯಿತು ಅಂತಲ್ಲ. ‘ಇದು ಟೂಲಿನ ತಪ್ಪಾ, ನನ್ನ ತಪ್ಪಾ?’ ಅಂತ ಕೇಳುವುದಕ್ಕೆ. ಸಾಫ್ಟ್‌ವೇರ್ ಭಾಷೆಯಲ್ಲಿ ಇದಕ್ಕೆ ಉತ್ತರ ಇಲ್ಲ. ಯಾಕಂದರೆ ನಮ್ಮ ಭಾಷೆಯಲ್ಲಿ ಇಲ್ಲಿ ತಪ್ಪೇ ಆಗಿಲ್ಲ. ಹೋಗಬೇಕಾದ ಪೋಸ್ಟ್ ಹೋಗದಿದ್ದರೆ ಮೇಲ್ ಬರುತ್ತದೆ, ಕೆಂಪು ಗುರುತು ಬರುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ. ಹೋಗಬಾರದಿದ್ದ ಪೋಸ್ಟ್ ಹೋದರೆ ಅದಕ್ಕೆ ನಾವು ಇಟ್ಟಿರುವ ಹೆಸರು ಸಕ್ಸೆಸ್.

ಇದು ಹೊಳೆಹೊನ್ನೂರಿನ ಸಣ್ಣ ಅಂಗಡಿಯವನ ಪಾಡು ಮಾತ್ರ ಅಂದುಕೊಳ್ಳಬೇಡಿ. 2013ರ ಜನವರಿಯಲ್ಲಿ ಬ್ರಿಟನ್ನಿನ ಟೆಸ್ಕೋ ಅಂಗಡಿಗಳಲ್ಲಿ ಮಾರುತ್ತಿದ್ದ ಬೀಫ್ ಬರ್ಗರಿನಲ್ಲಿ ಕುದುರೆ ಮಾಂಸ ಸಿಕ್ಕಿ ದೇಶವೆಲ್ಲ ಗುಲ್ಲಾಗಿತ್ತು. ಅದೇ ಗದ್ದಲದ ನಡುವೆ ಟೆಸ್ಕೋದ ಗ್ರಾಹಕ ಸೇವೆಯ ಟ್ವಿಟರ್ ಖಾತೆ, ನಿದ್ದೆ ಬಂತು, ಇನ್ನು ಹುಲ್ಲಿನ ಮೇಲೆ ಬೀಳುತ್ತೇವೆ ಅನ್ನುವ ಅರ್ಥದ ಒಂದು ತಮಾಷೆಯ ಮಾತು ಹಾಕಿತು. ಇಂಗ್ಲಿಷಿನಲ್ಲಿ ಅದು ಮಲಗುವುದಕ್ಕೆ ಇರುವ ಮಾಮೂಲಿ ನುಡಿಗಟ್ಟು. ಆದರೆ ಆ ವಾರ ಹುಲ್ಲು ಅಂದರೆ ಎಲ್ಲರಿಗೂ ನೆನಪಾಗುವುದು ಕುದುರೆಯೇ. ಜನ ಉಗಿದರು. ಕಂಪನಿ ಕ್ಷಮೆ ಕೇಳಿತು, ಜೊತೆಗೆ ಈ ವಿಷಯ ಗೊತ್ತಾಗುವ ಮೊದಲೇ ಅದನ್ನು ಶೆಡ್ಯೂಲ್ ಮಾಡಿಟ್ಟಿದ್ದೆವು ಅಂತ ವಿವರಣೆ ಕೊಟ್ಟಿತು. ನನ್ನ ಗೆಳೆಯ ಹೇಳಿದ ಮಾತೇ. ಅದು ಭಾನುವಾರ ಬರೆದಿದ್ದು ಗೌಡ್ರೇ.

ಈ ವಿವರಣೆಯನ್ನು ನಾವೆಲ್ಲ ಸಬೂಬು ಅಂತ ಕೇಳಿಸಿಕೊಂಡು ಒಪ್ಪುತ್ತೇವೆ. ಪಾಪ, ಬೇಕು ಅಂತ ಮಾಡಿಲ್ಲ ಅಂತ. ನನಗೆ ಬರಬರುತ್ತಾ ಅದು ಸಬೂಬಿಗಿಂತ ಹೆಚ್ಚಿನ ತಪ್ಪೊಪ್ಪಿಗೆ ಅನಿಸತೊಡಗಿದೆ. ‘ನಾನು ಆ ಹೊತ್ತಿಗೆ ನೋಡುತ್ತಿರಲಿಲ್ಲ, ಆದರೆ ನೋಡುತ್ತಿರುವವನ ಹಾಗೆ ನನ್ನ ಬಾಯಿ ಮಾತಾಡಲಿ ಅಂತ ವ್ಯವಸ್ಥೆ ಮಾಡಿದ್ದೆ’ ಅಂತ ಅಲ್ಲವಾ ಅದರ ಅರ್ಥ?

ಇಲ್ಲಿ ಒಂದು ಸುಲಭದ ವಾದ ಇದೆ, ಅದನ್ನು ದಾಟಿಕೊಂಡು ಹೋಗಬೇಕು. ಮೊದಲೇ ಬರೆದಿಟ್ಟ ಮಾತು ಹೃದಯದಿಂದ ಬಂದದ್ದಲ್ಲ, ಹಾಗಾಗಿ ಸುಳ್ಳು ಅನ್ನುವ ವಾದ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಮ್ಮನ ಹುಟ್ಟುಹಬ್ಬಕ್ಕೆ ಹತ್ತು ದಿನ ಮೊದಲೇ ಕೂತು, ಹಳೇ ಫೋಟೋ ಹುಡುಕಿ, ನಾಲ್ಕು ಸಾಲು ತಿದ್ದಿ ತಿದ್ದಿ ಬರೆದಿಟ್ಟವನು, ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕೇಕಿನ ಇಮೋಜಿ ಒತ್ತುವವನಿಗಿಂತ ಹೆಚ್ಚು ಪ್ರಾಮಾಣಿಕ. ರೆಡಿಮೇಡ್ ಮಾತೂ ಹೊಸದಲ್ಲ. 2013ರ ಜುಲೈನಲ್ಲಿ ನಿಂತುಹೋದ ನಮ್ಮ ತಂತಿ ಸೇವೆಯಲ್ಲಿ ಶುಭಾಶಯಕ್ಕೆ ಸಿದ್ಧವಾಕ್ಯಗಳ ಪಟ್ಟಿಯೇ ಇತ್ತು. ಮದುವೆಗೆ ಒಂದು ನಂಬರು, ದೀಪಾವಳಿಗೆ ಒಂದು, ಪರೀಕ್ಷೆ ಪಾಸಾದವರಿಗೆ ಒಂದು. ಕಳಿಸುವವರು ನಂಬರು ಹೇಳಿದರೆ ಸಾಕು. ಆ ತಂತಿಗಳನ್ನು ಮದುವೆ ಮನೆಯಲ್ಲಿ ಮೈಕಿನಲ್ಲಿ ಓದುತ್ತಿದ್ದರು, ವರ್ಷಗಟ್ಟಲೆ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಎಂಟನೇ ನಂಬರೋ ಹತ್ತನೇ ನಂಬರೋ, ಕಳಿಸಿದವನು ಆ ದಿನ ಅಂಚೆ ಕಚೇರಿಗೆ ನಡೆದುಹೋಗಿ ಸಾಲಿನಲ್ಲಿ ನಿಂತಿದ್ದ ಅನ್ನುವುದು ಓದುವವರಿಗೆ ಗೊತ್ತಿತ್ತು.

ಕಾಗದವೂ ತಡವಾಗಿಯೇ ತಲುಪುತ್ತಿತ್ತು. ಆದರೆ ಕಾಗದದ ತಲೆಯ ಮೇಲೆ ಊರು, ತಾರೀಖು ಇರುತ್ತಿತ್ತು. ಹೊರಗೆ ಅಂಚೆ ಮುದ್ರೆ. ‘ನಾವೆಲ್ಲ ಕ್ಷೇಮ’ ಅಂದರೆ ಆ ತಾರೀಖಿಗೆ ಕ್ಷೇಮ ಅಂತ ಓದುವವರು ತಾವೇ ಕಳೆದುಕೊಂಡು ಓದುತ್ತಿದ್ದರು. ಶೆಡ್ಯೂಲ್ ಪೋಸ್ಟು ಮಾಡುವ ಕಿತಾಪತಿ ಇಲ್ಲಿದೆ. ಅದು ಬರೆದ ತಾರೀಖನ್ನು ನುಂಗಿ, ಹೊರಟ ಗಳಿಗೆಯನ್ನು ತೋರಿಸುತ್ತದೆ. ಪರದೆಯ ಮೇಲೆ ‘ಈಗಷ್ಟೇ’ ಅಂತ ಬರುತ್ತದೆ. ಗೌಡರು ನಂಬಿದ್ದು ನೀರಿನ ಸುದ್ದಿಯನ್ನು ಮಾತ್ರ ಅಲ್ಲ, ಆ ‘ಈಗಷ್ಟೇ’ಯನ್ನು. ಅಂಗಡಿಯವನು ಎದ್ದಿದ್ದಾನೆ, ವಿಚಾರಿಸಿದ್ದಾನೆ, ಹೇಳುತ್ತಿದ್ದಾನೆ ಅಂತ.

ನಮ್ಮ ಕಡೆ ಮದುವೆ ಕರೆಯಲು ಊರೂರು ಸುತ್ತುವವರನ್ನು ನೀವು ನೋಡಿರುತ್ತೀರಿ. ಕೈಚೀಲದಲ್ಲಿ ಲಗ್ನಪತ್ರಿಕೆ ಕಟ್ಟು, ಅರಿಶಿನ ಕುಂಕುಮ, ಅಕ್ಷತೆ. ಯಾರ ಮನೆ ಆದಮೇಲೆ ಯಾರ ಮನೆ ಅಂತ ಅವರ ತಲೆಯಲ್ಲೂ ಒಂದು ಶೆಡ್ಯೂಲ್ ಇರುತ್ತದೆ, ಹೇಳುವ ಮಾತೂ ಎಲ್ಲ ಮನೆಯಲ್ಲೂ ಒಂದೇ. ತಿರುವಿನಲ್ಲಿ ಬರುವಾಗ ಆ ಮನೆ ಮುಂದೆ ಸಾಲಾಗಿ ಚಪ್ಪಲಿ, ಅಂಗಳದ ಮೂಲೆಯಲ್ಲಿ ಬೆಂಕಿ, ಜಗಲಿಯಲ್ಲಿ ತಲೆ ತಗ್ಗಿಸಿ ಕೂತ ನಾಲ್ಕು ಜನ ಕಂಡರೆ? ಪತ್ರಿಕೆ ಚೀಲದ ತಳಕ್ಕೆ ಹೋಗುತ್ತದೆ, ಕುಂಕುಮದ ಭರಣಿ ಮುಚ್ಚುತ್ತದೆ. ಅವರು ಒಳಗೆ ಹೋಗಿ ಸುಮ್ಮನೆ ಕೂತು ಎದ್ದು ಬರುತ್ತಾರೆ. ಯಾರೂ ಇದನ್ನು ಹೇಳಿಕೊಟ್ಟಿರುವುದಿಲ್ಲ. ಆ ಚಪ್ಪಲಿ ಸಾಲನ್ನು ನೋಡುವ ಕಣ್ಣು ಕ್ರಾನ್ ಜಾಬಿಗೆ ಇಲ್ಲ. ನಾವು ಟೂಲಿಗೆ ಕೊಟ್ಟ ಅನುಮತಿ ಚೀಟಿಯಲ್ಲಿ ಮಾತು ಇದೆ, ಕಣ್ಣು ಇಲ್ಲ.

ಹಾಗಂತ ಮೊದಲೇ ಪಟ್ಟಿ ಮಾಡಿ ಮಾತಾಡುವುದೇ ತಪ್ಪಾ? ರೇಡಿಯೋ ಪೂರ್ತಿ ಪಟ್ಟಿಯ ಮೇಲೆಯೇ ನಡೆದದ್ದು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯನ್ನು ಕೇಳಿಕೊಂಡೇ ನಮ್ಮ ಕಡೆ ಎರಡು ಮೂರು ತಲೆಮಾರು ಬೆಳೆದಿದೆ. ಕೃಷಿ ಕಾರ್ಯಕ್ರಮ ಎಷ್ಟು ಹೊತ್ತಿಗೆ, ಚಿತ್ರಗೀತೆ ಎಷ್ಟು ಹೊತ್ತಿಗೆ ಅನ್ನುವುದರ ಮೇಲೆ ಹಾಲು ಕರೆಯುವುದು, ಸ್ಕೂಲ್ ಬಸ್ಸು ಹಿಡಿಯುವುದು ನಿಂತಿತ್ತು. ಎಷ್ಟೋ ಕಾರ್ಯಕ್ರಮಗಳ ಧ್ವನಿಮುದ್ರಣ ಮೊದಲೇ ಆಗಿರುತ್ತಿತ್ತು. ಅದರೂ ಯಾರಾದರೂ ದೊಡ್ಡವರು ತೀರಿಕೊಂಡ ದಿನ ಹಾಸ್ಯ ನಾಟಕ ಬರುತ್ತಿರಲಿಲ್ಲ, ವಾದ್ಯ ಸಂಗೀತ ಬರುತ್ತಿತ್ತು. ಪಿಟೀಲಿನ ದನಿ ಕೇಳಿಯೇ ಮನೆಯವರು ‘ಯಾರೋ ಹೋದರು’ ಅನ್ನುತ್ತಿದ್ದರು. ಯಾಕಂದರೆ ಪಟ್ಟಿಯ ಪಕ್ಕದಲ್ಲಿ ಒಬ್ಬರು ಕೂತಿರುತ್ತಿದ್ದರು. ಆ ಹುದ್ದೆಗೆ ಡ್ಯೂಟಿ ಆಫೀಸರ್ ಅಂತಲೇ ಹೆಸರು. (ಮನುಷ್ಯರು ಕೂತ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಅಂತಲೂ ಅಲ್ಲ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿ ಮೇಲೆ ಗುಂಡು ಹಾರಿದರೂ ಸಾವಿನ ಸುದ್ದಿಯನ್ನು ಆಕಾಶವಾಣಿ ಹೇಳಿದ್ದು ಸಂಜೆ. ಅಷ್ಟರಲ್ಲಿ ಬಿಬಿಸಿ ಹೇಳಿಯಾಗಿತ್ತು.)

ನಮ್ಮ ತಲೆಮಾರಿನ ಅಂಥ ದಿನ ಅಂದರೆ 2021ರ ಅಕ್ಟೋಬರ್ 29. ಶುಕ್ರವಾರ. ಅಣ್ಣ ಶಿವರಾಜ್‌ಕುಮಾರ್ ಅವರ ‘ಭಜರಂಗಿ 2’ ಬಿಡುಗಡೆ ಅಂತ ಪುನೀತ್ ಅವರ ಖಾತೆಯಿಂದ ಬೆಳಿಗ್ಗೆ ಶುಭ ಹಾರೈಕೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಅವರು ಇರಲಿಲ್ಲ. ಆಮೇಲೆ ಜನ ಆ ಎರಡು ಸಾಲಿಗೆ ಮತ್ತೆ ಮತ್ತೆ ಹೋಗಿ ಕೂತರು. ಸಿನಿಮಾಕ್ಕೆ ಶುಭ ಕೋರುವ ಮಾಮೂಲಿ ಸಾಲುಗಳಲ್ಲಿ ಓದುವುದಕ್ಕೆ ಏನಿದೆ? ಅದರ ಕೆಳಗಿನ ಸಮಯ ಇದೆ. ಈ ಹೊತ್ತಿಗೆ ಅವರು ಇದ್ದರು ಅನ್ನುವ ನಂಬಿಕೆ ಇದೆ. ಮಾತಿನ ಕೆಳಗೆ ಬೀಳುವ ಗಂಟೆ-ನಿಮಿಷವನ್ನು ನಾವು ಹಾಜರಿ ಅಂತಲೇ ಓದುತ್ತೇವೆ, ನಮಗೆ ಗೊತ್ತಿದ್ದರೂ ಸರಿ ಗೊತ್ತಿಲ್ಲದಿದ್ದರೂ ಸರಿ.

ಅದೇ ಮಧ್ಯಾಹ್ನ ನನ್ನ ಫೋನಿನಲ್ಲಿ ಒಂದು ಅಳುವ ಪೋಸ್ಟ್, ಅದರ ಕೆಳಗೆ ಒಂದು ವೀಕೆಂಡ್ ಆಫರ್, ಅದರ ಕೆಳಗೆ ಶುಕ್ರವಾರದ ಮೀಮ್. 31ರ ಭಾನುವಾರ ಕಂಠೀರವ ಸ್ಟುಡಿಯೋದಲ್ಲಿ ಮಣ್ಣಾಯಿತು, ಮಾರನೇ ದಿನವೇ ರಾಜ್ಯೋತ್ಸವ. ಹಳದಿ-ಕೆಂಪು ಪೋಸ್ಟರು ಎಲ್ಲರ ಹತ್ತಿರ ವಾರದ ಮೊದಲೇ ರೆಡಿ ಇದ್ದಿರಬೇಕು. ಕೆಲವು ಪುಟಗಳು ಸಂಭ್ರಮದ ಮಾತು ತೆಗೆದು ಬರಿ ಬಾವುಟ ಇಟ್ಟಿದ್ದವು. ಕೆಲವು ತಮಟೆ ಬಾರಿಸುವ ಗೊಂಬೆಯನ್ನು ಬೆಳಿಗ್ಗೆ ಆರಕ್ಕೆ ಸರಿಯಾಗಿ ಕುಣಿಸಿದವು. ಯಾವ ಪುಟದ ಹಿಂದೆ ಆವತ್ತು ಮನುಷ್ಯರು ಕೂತಿದ್ದಾರೆ, ಯಾವುದರ ಹಿಂದೆ ಬರಿ ಪಟ್ಟಿ ಓಡುತ್ತಿದೆ ಅನ್ನುವುದು ಆ ಒಂದು ಬೆಳಿಗ್ಗೆ ಕಂಡ ಹಾಗೆ ಬೇರೆ ಯಾವತ್ತೂ ಕಾಣಲಿಲ್ಲ.

ಇದರಲ್ಲಿ ಕೋಡ್ ಬರೆಯುವ ನಮ್ಮ ಪಾಲೂ ಇದೆ. ಪೋಸ್ಟ್ ಕಳಿಸಿದ ಮೇಲೆ ಆ ಕಡೆಯಿಂದ ಉತ್ತರ ಬರುವ ಮೊದಲೇ ಕನೆಕ್ಷನ್ ಕಡಿದುಹೋಯಿತು ಅಂದುಕೊಳ್ಳಿ. ಹೋಯಿತೋ ಇಲ್ಲವೋ ಗೊತ್ತಿಲ್ಲ. ಮತ್ತೆ ಕಳಿಸಿದರೆ ಎರಡು ಸಲ ಹೋಗಬಹುದು, ಕಳಿಸದಿದ್ದರೆ ಒಂದು ಸಲವೂ ಹೋಗದಿರಬಹುದು. ನಮ್ಮ ಕಸುಬಿನಲ್ಲಿ ಇದಕ್ಕೆ ‘ಒಂದು ಸಲವಾದರೂ’, ‘ಹೆಚ್ಚೆಂದರೆ ಒಂದು ಸಲ’ ಅಂತ ಎರಡು ಪಂಥಗಳಿವೆ. ಇದು ಬರಿ ತಾಂತ್ರಿಕ ಆಯ್ಕೆ ಅಂತ ಕಾಲೇಜಿನಲ್ಲಿ ಓದಿದ್ದೆವು. ನಾಲೆ ಒಡೆದಿದೆ, ದನ ಹೊಡ್ಕೊಂಡು ಮೇಲೆ ಬನ್ನಿ ಅನ್ನುವ ಸುದ್ದಿ ಹತ್ತು ಸಲ ಹೋದರೂ ಪರವಾಗಿಲ್ಲ, ತಪ್ಪಬಾರದು. ಒಬ್ಬರು ತೀರಿಕೊಂಡ ಸುದ್ದಿ ಎರಡು ಸಲ ಟಣ್ ಅಂತ ಬಂದರೆ ಆ ಮನೆಯವರಿಗೆ ಹೇಗಾಗುತ್ತದೆ? ಟೂಲಿಗೆ ಎರಡೂ ಒಂದೇ ಪೋಸ್ಟು, ರಿಟ್ರೈ ಲೆಕ್ಕ ಮೂರು ಅಂತ ಯಾರೋ ಒಬ್ಬ ಇಂಜಿನಿಯರ್ ಒಂದು ಸಂಜೆ ಬರೆದಿಟ್ಟಿರುತ್ತಾನೆ.

ಇನ್ನೊಂದು ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ. ನಾಲ್ಕು ಕಡೆ ಹೇಳುವುದಕ್ಕೆ ಒಂದು ಬಟನ್ ಇದೆ. ನಾಲ್ಕು ಕಡೆಯಿಂದ ವಾಪಸ್ ತೆಗೆದುಕೊಳ್ಳುವುದಕ್ಕೆ ಇಲ್ಲ. ಗೆಳೆಯ ಆವತ್ತು ಮದುವೆ ಊಟದ ಪಂಕ್ತಿಯಿಂದ ಎದ್ದು ಒಂದೊಂದೇ ಆ್ಯಪ್ ತೆಗೆದು ಅಳಿಸಿದ. ಟೂಲಿನಲ್ಲಿ ಅಳಿಸಿದ್ದು ಟೂಲಿನ ಪಟ್ಟಿಯಿಂದ ಹೋಯಿತೇ ಹೊರತು ಫೇಸ್‌ಬುಕ್‌ನಲ್ಲಿ ಹಾಗೇ ಇತ್ತು. ಲಿಂಕ್ಡ್‌ಇನ್ ಪಾಸ್‌ವರ್ಡೇ ನೆನಪಿರಲಿಲ್ಲ. ಅಲ್ಲಿ ಅದು ಎರಡು ದಿನ ಇತ್ತು. ಅಲ್ಲಿ ಯಾವ ರೈತರೂ ನೋಡಲಿಲ್ಲ ಬಿಡಿ. ಇಷ್ಟೆಲ್ಲ ಆಗುವಷ್ಟರಲ್ಲಿ ಸ್ಕ್ರೀನ್‌ಶಾಟ್ ಊರಿನ ವಾಟ್ಸಾಪ್ ಗ್ರೂಪುಗಳಿ ಸೇರಿ ಅರಬಿಳಚಿ, ಆನವೇರಿ ದಾಟಿತ್ತು. ಮಾತಾಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಗಾದೆ ಕಟ್ಟಿದವರು ಒಂದು ಬಾಯಿಯ ಕಾಲದವರು.

ನ್ಯಾಯವಾಗಿ ಹೇಳಬೇಕೆಂದರೆ ದೊಡ್ಡ ಕಂಪನಿಗಳಿಗೂ ಇದರ ವಾಸನೆ ಬಡಿದಿದೆ. 2018ರ ಆಗಸ್ಟ್‌ನಿಂದ ಫೇಸ್‌ಬುಕ್, ಹೊರಗಿನ ಟೂಲುಗಳು ವ್ಯಕ್ತಿಯ ಸ್ವಂತ ಪ್ರೊಫೈಲಿನಲ್ಲಿ ತಾವಾಗಿ ಬರೆಯುವುದನ್ನು ನಿಲ್ಲಿಸಿತು. ಪೇಜಿನ ಹೆಸರಲ್ಲಿ ಬರೆಯಬಹುದು, ಮನುಷ್ಯನ ಹೆಸರಲ್ಲಿ ಇಲ್ಲ. ಅದು ಧರ್ಮಸೂಕ್ಷ್ಮದಿಂದ ಬಂದ ತೀರ್ಮಾನ ಅಲ್ಲ, ಕೇಂಬ್ರಿಜ್ ಅನಲಿಟಿಕಾ ರಾದ್ಧಾಂತದ ನಂತರದ ರಿಪೇರಿ. ಆದರೂ ಗೆರೆ ಎಳೆದ ಜಾಗ ಸರಿಯಾಗಿದೆ. ಇನ್‌ಸ್ಟಾಗ್ರಾಮಿನಲ್ಲಿ ಪರ್ಸನಲ್ ಖಾತೆಯಾದರೆ ಹೊರಗಿನ ಟೂಲು ತಾನೇ ಪೋಸ್ಟ್ ಮಾಡುವ ಹಾಗಿಲ್ಲ. ಹೊತ್ತಾದಾಗ ಫೋನಿಗೆ ಒಂದು ನೋಟಿಫಿಕೇಶನ್ ಬರುತ್ತದೆ, ‘ಟೈಮ್ ಆಯ್ತು, ಹಾಕ್ತೀರಾ?’ ಅನ್ನುವ ಹಾಗೆ. ಬೆರಳಿಟ್ಟು ನಾವೇ ಹಾಕಬೇಕು. ಇದನ್ನು ಎಲ್ಲರೂ ಬಯ್ಯುವವರೇ. ಶೆಡ್ಯೂಲ್ ಅಂದಮೇಲೆ ಮತ್ತೆ ನನ್ನನ್ನು ಯಾಕೆ ಕೇಳಬೇಕು ಅಂತ. ಆ ಕೇಳುವುದೇ ಲಗ್ನಪತ್ರಿಕೆಯವರು ತಿರುವಿನಲ್ಲಿ ಒಂದು ಕ್ಷಣ ನಿಂತು ನೋಡುವುದು.

ಎಲ್ಲದಕ್ಕೂ ಹಾಗೆ ಪಕ್ಕದಲ್ಲಿ ಕೂರಲು ಆಗುವುದಿಲ್ಲ, ಅದೂ ನಿಜ. ಆಕಾಶವಾಣಿಗೆ ಡ್ಯೂಟಿ ಆಫೀಸರ್ ಸಂಬಳ ಕೊಡಲು ಸರ್ಕಾರ ಇತ್ತು. ಒಬ್ಬನೇ ಅಂಗಡಿ ನಡೆಸುವವನು, ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ತನ್ನ ಕುರ್ತಾ ಬಿಸಿನೆಸ್ಸಿನ ಪೋಸ್ಟ್ ಬರೆಯುವ ಹೆಣ್ಣುಮಗಳು, ಅಮೆರಿಕದ ಶಿಫ್ಟ್ ಮುಗಿಸಿ ಬೆಳಿಗ್ಗೆ ಮಲಗುವ ನಾವು, ಇವರಿಗೆಲ್ಲ ಶೆಡ್ಯೂಲರ್ ದೇವರು ಕೊಟ್ಟ ಕೂಲಿಯಾಳು. ಹಾಗಾಗಿ ಗೆಳೆಯನಿಗೆ ನಾನು ಹೇಳಿದ್ದು ಮಾತಿನಲ್ಲೇ ಎರಡು ಜಾತಿ ಮಾಡಿಕೋ ಅಂತ. ಎಕರೆಗೆ ಎಷ್ಟು ಬೀಜ, ಬೆಂಕಿ ರೋಗದ ಗುರುತು ಏನು, ಅಂಗಡಿ ರಜೆ ಯಾವ ವಾರ ಅನ್ನುವುದು ಸೋಮವಾರ ಓದಿದರೂ ಶನಿವಾರ ಓದಿದರೂ ಅದೇ. ‘ಇವತ್ತು’, ‘ನಾಳೆ’, ‘ಈಗ’ ಇರುವ ಮಾತು ಹಾಲಿನ ಹಾಗೆ, ಇಟ್ಟಷ್ಟು ಹೊತ್ತು ಕೆಡುತ್ತಿರುತ್ತದೆ. ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದುಕೊಟ್ಟೆ. ಈ ಪದಗಳು ಕಂಡರೆ ಪೋಸ್ಟನ್ನು ಹೋಗಲು ಬಿಡದೆ ತಡೆದು, ಅವನ ಫೋನಿಗೆ ಮೆಸೇಜ್ ಕಳಿಸುತ್ತದೆ; ಅವನು ಹೂಂ ಅಂದರೆ ಮಾತ್ರ ಹೋಗುತ್ತದೆ. ಕನ್ನಡದ ವಿಭಕ್ತಿ ಪ್ರತ್ಯಯಗಳು ಸಾಕಷ್ಟು ಗೋಳು ಹೊಯ್ದುಕೊಂಡವು. ಇವತ್ತಿಂದ, ಇವತ್ತೇ, ಇಂದಿನಿಂದ, ನಾಳೆಗೇ ಎಲ್ಲ ಹಿಡಿಯಬೇಕು. ಒಬ್ಬ ಇಂದುಮತಿ ಅನ್ನುವ ಗಿರಾಕಿಗೆ ಅಭಿನಂದನೆ ಬರೆದರೆ ಅದನ್ನೂ ತಡೆದು ಕೂರಿಸುತ್ತದೆ. ತಡೆದರೆ ತಡೆಯಲಿ ಅಂತ ಬಿಟ್ಟಿದ್ದೇವೆ.

ಇಷ್ಟೆಲ್ಲ ಖಡಾಖಂಡಿತವಾಗಿ ಹೇಳಿದ ಮೇಲೂ ನನ್ನ ಈ ನಿಯಮಕ್ಕೆ ಸರಿಯಾಗಿ ಕೂರದ ಒಂದು ಕೇಸು ಇದೆ. ನನ್ನ ಪರಿಚಯದ ಒಬ್ಬರು ಹಕ್ಕಿ ಫೋಟೋ ತೆಗೆಯುತ್ತಿದ್ದರು. ಮಂಡಗದ್ದೆ, ಭದ್ರಾ ಹಿನ್ನೀರು, ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವ ಜಾಗ, ವಾರಾಂತ್ಯ ಅಂದರೆ ಅಲ್ಲೆಲ್ಲೋ ಇರುತ್ತಿದ್ದರು. ದಿನಾ ಬೆಳಿಗ್ಗೆ ಒಂದು ಫೋಟೋ, ಎರಡು ಸಾಲು. ತಿಂಗಳಿಗಾಗುವಷ್ಟನ್ನು ಒಟ್ಟಿಗೇ ಶೆಡ್ಯೂಲ್ ಮಾಡುತ್ತಿದ್ದರು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ ಹೋಗಿಬಿಟ್ಟರು. ಮಾರನೇ ಬೆಳಿಗ್ಗೆ ಅವರ ಪುಟದಲ್ಲಿ ರಿವರ್ ಟರ್ನ್ ಹಕ್ಕಿ ಬಂತು. ಅದರ ಮಾರನೇ ದಿನ ಬೆಳ್ಳಕ್ಕಿ. ಸುದ್ದಿ ಗೊತ್ತಿಲ್ಲದವರು ‘ಸೂಪರ್ ಸರ್’ ಅಂತ ಬರೆಯುತ್ತಿದ್ದರು, ಗೊತ್ತಿದ್ದವರು ಅದರ ಕೆಳಗೇ ಕೈಮುಗಿಯುತ್ತಿದ್ದರು. ಅವರ ತಮ್ಮ ನನಗೆ ಫೋನ್ ಮಾಡಿ, ನೋಡಕ್ಕಾಗಲ್ಲ, ಇದನ್ನು ನಿಲ್ಲಿಸಿ ಅಂದರು. ಅರ್ಧ ಗಂಟೆಗೆ ಅವರ ಹೆಂಡತಿ ಫೋನ್ ಮಾಡಿ, ದಯವಿಟ್ಟು ನಿಲ್ಲಿಸಬೇಡಿ ಅಂದರು. ಬೆಳಿಗ್ಗೆ ಎದ್ದ ತಕ್ಷಣ ಅದೊಂದನ್ನು ನೋಡ್ತೀನಿ ಅಂತ.

ಇನ್ನೂ ಹದಿನೇಳು ಫೋಟೋ ಉಳಿದಿದ್ದವು. ಹಿಂತೆಗೆದುಕೊಳ್ಳಲು ಆ ಕಡೆ ಯಾರೂ ಇಲ್ಲದ ಮಾತು ಅದು. ನನ್ನ ಲೆಕ್ಕದ ಪ್ರಕಾರ ಹೋಗಬಾರದು. ಆದರೆ ಆ ಮನೆಯಲ್ಲಿ ಅದಕ್ಕಾಗಿ ಒಬ್ಬರು ಬೆಳಿಗ್ಗೆ ಏಳುತ್ತಿದ್ದರು. ಪುಟಕ್ಕೆ ಅವರೂ ಅಡ್ಮಿನ್ ಇದ್ದರು. ಇಬ್ಬರನ್ನೂ ಕೇಳಿ, ಅಷ್ಟನ್ನೂ ಶೆಡ್ಯೂಲಿನಿಂದ ತೆಗೆದು ಡ್ರಾಫ್ಟ್ ಮಾಡಿ ಅವರ ಕೈಗೆ ಕೊಟ್ಟೆ. ಅವರು ದಿನಾ ಹಾಕಲಿಲ್ಲ. ಹಾಕಿದಾಗೆಲ್ಲ ಗಂಡ ಬರೆದ ಎರಡು ಸಾಲನ್ನು ಹಾಗೇ ಬಿಟ್ಟು, ಮೇಲೆ ಅದು ಯಾವ ತಾರೀಖಿಗೆ ತೆಗೆದ ಫೋಟೋ ಅಂತ ತಾವೇ ಬರೆಯುತ್ತಿದ್ದರು. ಕಳೆದ ವರ್ಷ ಒಂದು ಮಿಂಚುಳ್ಳಿ ಬಂತು. ಡ್ರಾಫ್ಟಿನಲ್ಲಿ ಇನ್ನು ನಾಲ್ಕು ಇವೆ ಅಂದರು.